ರಾಯನ ಉಲ್ಲಾಸ, ರಾಯನ ಮೈ

ಮನಸ್ಸು ಸಂತೋಷವಾಗಿದ್ದರೆ ಮೈ ತಾನಾಗಿ ನೆಟ್ಟಗಿರುತ್ತದೆಂದು ಹೇಳುವವರಿಗೆ ಕಡಮೆಯಿಲ್ಲ. ದೋಣಿಮಲೈಯ ನಿವಾಸಿಯಾದ ನಾನು ಈ ಮಾತನ್ನು ಒರೆಗೆ ಹಚ್ಚಲು ದೂರ ಹೋಗಬೇಕಾಗಿಲ್ಲ. ಹಂಪೆ ಹತ್ತಿರದಲ್ಲೇ ಇದೆ.

1520ರ ಸುಮಾರಿಗೆ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಕೃಷ್ಣದೇವರಾಯನನ್ನು ಮುಚ್ಚುಮರೆಯಿಲ್ಲದೆ ವರ್ಣಿಸಿದ್ದಾನೆ: ಮಧ್ಯಮ ಎತ್ತರ, ತುಸು ದಪ್ಪವೆನ್ನಬಹುದಾದ ಮೈಕಟ್ಟು, ಮುಖದಲ್ಲಿ ಸಿಡುಬಿನ ಕಲೆ. ನಮ್ಮ ಸಿನಿಮಾದ ರಾಯನಲ್ಲ! ಆದರೆ ಬಹಳ ಉಲ್ಲಾಸದ ಸ್ವಭಾವದವನು. ಸಿಟ್ಟು ಮಾತ್ರ ಥಟ್ಟನೆ ಬರುವುದಂತೆ.

ಈ ಉಲ್ಲಾಸದ ಹಿಂದಿನ ದಿನಚರಿಯನ್ನು ನೋಡಿ. ಬೆಳಗಾಗುವ ಮೊದಲೇ ಎದ್ದು ಎಳ್ಳೆಣ್ಣೆ ಕುಡಿಯುವುದು. ಅದೂ ಅರ್ಧ ಲೀಟರಿಗೆ ತುಸು ಕಡಮೆ! ಮೈಗೂ ಅದನ್ನೇ ಹಚ್ಚಿಕೊಂಡು, ಮಣ್ಣಿನ ದೊಡ್ಡ ಭಾರಗಳನ್ನೆತ್ತಿ, ಕತ್ತಿ ಹಿಡಿದು, ಎಣ್ಣೆಯೆಲ್ಲ ಬೆವರಾಗಿ ಹರಿಯುವವರೆಗೆ ಸಾಧನೆ. ಬಳಿಕ ಜಟ್ಟಿಯೊಡನೆ ಕುಸ್ತಿ, ಕುದುರೆ ಸವಾರಿ. ಆ ಉಲ್ಲಾಸ ಕುಳಿತಲ್ಲಿ ಬಂದದ್ದಲ್ಲವೆಂದೇ ನನ್ನ ಎಣಿಕೆ. ಮಹಾನವಮಿ ದಿಬ್ಬದ ಕಲ್ಲುಗಳಲ್ಲಿ ಜಟ್ಟಿಗಳು ಇಂದಿಗೂ ಸೆಣಸುತ್ತಿದ್ದಾರೆ.

ಮುಂದಿನ ಕಥೆಯನ್ನು ಇನ್ನೊಬ್ಬ ಪೋರ್ಚುಗೀಸನಾದ ನೂನಿಜ್ ಹೇಳುತ್ತಾನೆ. ರಾಯನು ಆರು ವರ್ಷದ ಮಗನಿಗೆ ಪಟ್ಟಕಟ್ಟಿ ಎಂಟು ತಿಂಗಳು ಉತ್ಸವ ನಡೆಸಿದ, ಹುಡುಗ ತೀರಿಕೊಂಡ. ವಿಷಪ್ರಯೋಗವೆಂಬ ಮಾತು ಕಿವಿಗೆ ಬಿದ್ದು, ತಂದೆಯಂತಿದ್ದ ಮಂತ್ರಿ ತಿಮ್ಮರಸನ ಕಣ್ಣು ಕೀಳಿಸಿದ. ದುಃಖವೇ ರೋಗವಾಯಿತೆಂದು ನೂನಿಜ್ ಬರೆಯುವುದಿಲ್ಲ. ತೊಡೆಸಂದಿನ ನೋವು ಆ ನಾಡಿನ ಅರಸರನ್ನೆಲ್ಲ ಕೊಂದ ರೋಗವೆನ್ನುತ್ತಾನೆ, ಅಷ್ಟೆ. ವೈದ್ಯನಲ್ಲದ ನಾನು ಎರಡನ್ನೂ ಗಂಟುಹಾಕಲಾರೆ. ಆದರೆ ಎಳ್ಳೆಣ್ಣೆ, ಕುಸ್ತಿಗಳು ಆ ಮನೆಯ ಸಂಕಟವನ್ನು ತಡೆಯಲಿಲ್ಲವಷ್ಟೆ. ಬೆಳಗಾವಿಯ ಮೇಲೆ ದಂಡೆತ್ತಲು ಸಿದ್ಧನಾಗುತ್ತಿರುವಾಗಲೇ, 1529ರಲ್ಲಿ, ರಾಯನು ಕಾಲವಾದನು.