ಒಂದೇ ಗುಂಡಿಯ ಕ್ಯಾಮೆರಾ

ನಮ್ಮನೆ ಜಗುಲಿಯ ಗೋಡೆಯ ಮೇಲೆ ಅಜ್ಜಿಯದೊಂದು ಫೋಟೋ ಇದೆ. ಸ್ವಲ್ಪ ಗಮನಿಸಿ ನೋಡಿದರೆ ಅಜ್ಜಿಯ ಎಡಗಡೆ ಬೇರೆ ಯಾರದೋ ಭುಜದ ತುಂಡೊಂದು ಕಾಣುತ್ತೆ. ಅದು ಚಿಕ್ಕಪ್ಪನ ಮದುವೆಯ ಗ್ರೂಪ್ ಫೋಟೋದಿಂದ ಬಂದದ್ದು. ಅಜ್ಜಿ ತೀರಿಕೊಂಡಾಗ ಮನೆಯ ಆಲ್ಬಮ್ಮುಗಳನ್ನೆಲ್ಲ ಜಾಲಾಡಿದರೂ ಅವರೊಬ್ಬರೇ ಇರುವ ಫೋಟೋ ಒಂದೂ ಸಿಗಲಿಲ್ಲ. ಕೊನೆಗೆ ತೀರ್ಥಹಳ್ಳಿಯ ಸ್ಟುಡಿಯೋದಲ್ಲಿ ಆ ಗ್ರೂಪಿನಿಂದ ಅಜ್ಜಿಯನ್ನಷ್ಟೇ ಕತ್ತರಿಸಿ, ದೊಡ್ಡದು ಮಾಡಿ, ಕಟ್ಟು ಹಾಕಿಸಿ ತಂದರು. ಎಪ್ಪತ್ತಾರು ವರ್ಷ ಬದುಕಿದ ಹೆಂಗಸಿಗೆ ಒಂದೇ ಫೋಟೋ, ಅದೂ ಇನ್ನೊಬ್ಬರ ಭುಜದ ಜೊತೆ.

ನಮ್ಮೂರಿಗೆ ಆಗ ಕ್ಯಾಮೆರಾ ಬರುತ್ತಿದ್ದದ್ದು ಮದುವೆ ಮುಂಜಿಗೆ ಮಾತ್ರ. ಅದು ಬಿಟ್ಟರೆ ಬೇಸಿಗೆ ರಜೆಯಲ್ಲಿ ಶಿವಮೊಗ್ಗದ ಮಾವ ಬರುವಾಗ ತರುತ್ತಿದ್ದ ಆಗ್ಫಾ ಕ್ಲಿಕ್ 3. ಬರೋಡಾದಲ್ಲಿ ತಯಾರಾಗುತ್ತಿದ್ದ ಈ ಕಪ್ಪು ಡಬ್ಬಿ ನಮ್ಮ ದೇಶದ ಎಷ್ಟೋ ಮನೆಗಳ ಮೊದಲ ಕ್ಯಾಮೆರಾ. ಲೆನ್ಸಿನ ಹತ್ತಿರ ಸೂರ್ಯನದೊಂದು, ಮೋಡದ್ದೊಂದು ಗುರುತು. ಬಿಸಿಲಿದ್ದರೆ ಅಲ್ಲಿಗೆ, ಮೋಡವಿದ್ದರೆ ಇಲ್ಲಿಗೆ ತಿರುಗಿಸಿ ಒತ್ತಿದರೆ ಮುಗೀತು. ಇಷ್ಟು ಸುಲಭದ ಕ್ಯಾಮೆರಾವನ್ನೂ ಮಾವ ಯಾರ ಕೈಗೂ ಕೊಡುತ್ತಿರಲಿಲ್ಲ. ಅವರ ತಪ್ಪಲ್ಲ ಬಿಡಿ. ಒಂದು ರೀಲಿಗೆ 12 ಫೋಟೋ. ರೀಲಿಗೆ ದುಡ್ಡು, ತೊಳೆಸಲಿಕ್ಕೆ ದುಡ್ಡು, ಪ್ರಿಂಟಿಗೆ ಮತ್ತೆ ದುಡ್ಡು. ಹಾಗಾಗಿ ಎಲ್ಲರೂ ಅಂಗಳದಲ್ಲಿ ಸಾಲಾಗಿ ನಿಂತು, ಉಸಿರು ಬಿಗಿಹಿಡಿದು, ಪೊಲೀಸರ ಮುಂದೆ ನಿಂತ ಹಾಗೆ ನಿಲ್ಲುತ್ತಿದ್ದೆವು. ಅಡುಗೆ ಮನೆಯ ಹೊಗೆಯಲ್ಲಿ ಕೂತ ಅಜ್ಜಿಯ ಫೋಟೋ ತೆಗೀಬೇಕು ಅಂತ ಯಾರಿಗೂ ಹೊಳೆಯಲಿಲ್ಲ. ಹೊಳೆದಿದ್ದರೂ ಆ ಕತ್ತಲಲ್ಲಿ ಕ್ಲಿಕ್ 3ಕ್ಕೆ ಅದು ಸಾಧ್ಯವಿರಲಿಲ್ಲ.

2009ರಲ್ಲಿ ಅಮ್ಮನಿಗೊಂದು ಡಿಜಿಟಲ್ ಕ್ಯಾಮೆರಾ ಕೊಡಿಸೋಣ ಅಂತ ಹೊರಟೆ. ಸಾಫ್ಟ್‌ವೇರಿನವರ ಚಾಳಿ ನಿಮಗೆ ಗೊತ್ತಲ್ಲ, ಮೊದಲು ಎಕ್ಸೆಲ್ ಶೀಟ್ ಮಾಡಿದೆ. ಹನ್ನೊಂದು ಮಾಡೆಲ್ಲು, ಹದಿನಾಲ್ಕು ಕಾಲಂ. ಮೆಗಾಪಿಕ್ಸೆಲ್ ಎಷ್ಟು, ಜೂಮ್ ಎಷ್ಟು, ಸ್ಕ್ರೀನ್ ಎಷ್ಟು ಇಂಚು... ರಾತ್ರಿ ಫೋನಿನಲ್ಲಿ ಅಮ್ಮನಿಗೆ ಇದನ್ನೆಲ್ಲ ವಿವರಿಸಿದೆ. ಅಮ್ಮ ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು: "ಅದೆಲ್ಲ ಸರಿ ಮಾರಾಯ, ಒತ್ತಿದ್ರೆ ಫೋಟೋ ಬರ್ತದಾ ಇಲ್ವಾ?"

ನನ್ನ ಹದಿನಾಲ್ಕು ಕಾಲಮ್ಮಿನಲ್ಲಿ ಈ ಕಾಲಂ ಇರಲಿಲ್ಲ. ಆಮೇಲೆ ಕ್ಯಾಮೆರಾದ ಚರಿತ್ರೆ ಓದುತ್ತಾ ಹೋದ ಹಾಗೆ ಗೊತ್ತಾಯಿತು, ನೂರಿಪ್ಪತ್ತು ವರ್ಷಗಳಿಂದ ಈ ಉದ್ಯಮ ಉತ್ತರ ಹುಡುಕುತ್ತಿದ್ದದ್ದೇ ಅಮ್ಮ ಕೇಳಿದ ಆ ಪ್ರಶ್ನೆಗೆ.

ಈ ಪ್ರಶ್ನೆಗೆ ಮೊದಲು ಗಟ್ಟಿಯಾದ ಉತ್ತರ ಕೊಟ್ಟವನು ಅಮೆರಿಕದ ರೋಚೆಸ್ಟರ್ ಊರಿನ ಜಾರ್ಜ್ ಈಸ್ಟ್‌ಮನ್. ಅವನಿಗಿಂತ ಮೊದಲು ಫೋಟೋ ತೆಗೆಯೋದು ಅಂದರೆ ಗಾಜಿನ ಪ್ಲೇಟು, ಮೂರು ಕಾಲಿನ ಸ್ಟ್ಯಾಂಡು, ಕತ್ತಲೆ ಕೋಣೆ, ರಾಸಾಯನಿಕದ ಬಾಟಲಿಗಳು. ಅರ್ಧ ಕೆಮಿಸ್ಟ್ರಿ ಮೇಷ್ಟ್ರಾಗದೆ ಫೋಟೋಗ್ರಾಫರ್ ಆಗೋ ಹಾಗಿರಲಿಲ್ಲ. 1888ರಲ್ಲಿ ಈಸ್ಟ್‌ಮನ್ ಕೊಡಕ್ ಅನ್ನೋ ಪೆಟ್ಟಿಗೆ ತಂದ. ಬೆಲೆ 25 ಡಾಲರ್, ಒಳಗೆ 100 ಫೋಟೋಗಾಗುವಷ್ಟು ರೋಲ್. ಎಲ್ಲ ತೆಗೆದಾದ ಮೇಲೆ ಇಡೀ ಕ್ಯಾಮೆರಾವನ್ನೇ ಕಂಪನಿಗೆ ಪಾರ್ಸೆಲ್ ಮಾಡೋದು. ಅವರು 10 ಡಾಲರ್ ತಗೊಂಡು ಪ್ರಿಂಟ್ ಹಾಕಿ, ಹೊಸ ರೋಲ್ ತುಂಬಿ ವಾಪಸ್ ಕಳಿಸೋರು. ನೀವು ಗುಂಡಿ ಒತ್ತಿ, ಉಳಿದದ್ದು ನಮಗೆ ಬಿಡಿ ಅನ್ನೋದೇ ಅವರ ಜಾಹೀರಾತು. ಫೋಟೋ ತೆಗೆಯುವ ಕೆಲಸವನ್ನೂ ಫೋಟೋ ತೊಳೆಯುವ ಕೆಲಸವನ್ನೂ ಬೇರೆ ಮಾಡಿದ್ದೇ ಈಸ್ಟ್‌ಮನ್‌ನ ದೊಡ್ಡ ಬುದ್ಧಿವಂತಿಕೆ ಅಂತ ನನ್ನ ಲೆಕ್ಕ. 1900ರಲ್ಲಿ ಅದೇ ಕಂಪನಿ ಬ್ರೌನಿ ಅನ್ನೋ ರಟ್ಟಿನ ಡಬ್ಬಿ ಕ್ಯಾಮೆರಾವನ್ನು ಒಂದೇ ಡಾಲರಿಗೆ, ಮಕ್ಕಳ ಕೈಗೂ ಎಟುಕುವ ಹಾಗೆ ಮಾರಿತು. ನಮ್ಮ ಮಾವನ ಕ್ಲಿಕ್ 3 ಈ ಡಬ್ಬಿಯ ದೂರದ ಮೊಮ್ಮಗ.

ಅಲ್ಲಿಂದ ಮುಂದೆ ಕ್ಯಾಮೆರಾ ಒಂದೊಂದೇ ಕೆಲಸವನ್ನು ನಮ್ಮ ಕೈಯಿಂದ ಕಸಿದುಕೊಳ್ಳುತ್ತಾ ಬಂತು. ಬೆಳಕು ಅಳೆಯೋದು ತಾನೇ ಕಲಿಯಿತು. 1977ರಲ್ಲಿ ಬಂದ ಕೋನಿಕಾ ಸಿ35 ಎಎಫ್ ಫೋಕಸ್ ಮಾಡೋದನ್ನೂ ತಾನೇ ವಹಿಸಿಕೊಂಡಿತು. ಆದರೆ ರೀಲಿನ ಖರ್ಚು ಮಾತ್ರ ಹಾಗೇ ಉಳಿಯಿತು. ಅದು ಹೋಗಲಿಕ್ಕೆ ಬೇರೆಯದೇ ಒಂದು ವಿದ್ಯೆ ಬರಬೇಕಾಯಿತು.

1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ವಿಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಸಿಸಿಡಿ ಅನ್ನೋ ಚಿಪ್ಪಿನ ಕಲ್ಪನೆ ಕೊಟ್ಟರು. ನಾನು ಅಮ್ಮನಿಗೆ ಹೇಳಿದ್ದು ಹೀಗೆ: ಮಳೆ ಬರುವಾಗ ಅಂಗಳದ ತುಂಬ ಸಾಲಾಗಿ ಚೊಂಬು ಜೋಡಿಸಿಟ್ಟಿದ್ದೀವಿ ಅಂದ್ಕೋ. ಮಳೆ ನಿಂತ ಮೇಲೆ ಒಂದೊಂದು ಚೊಂಬಿನಲ್ಲಿ ಎಷ್ಟು ನೀರಿದೆ ಅಂತ ಅಳೆದು ಬರೆದಿಟ್ಟರೆ, ಎಲ್ಲಿ ಜೋರು ಮಳೆ, ಎಲ್ಲಿ ಕಡಿಮೆ ಅಂತ ಗೊತ್ತಾಗುತ್ತಲ್ಲ? ಚಿಪ್ಪಿನಲ್ಲಿ ಮಳೆಯ ಬದಲು ಬೆಳಕು ಬೀಳುತ್ತೆ, ಅಷ್ಟೇ. ಒಂದೊಂದು ಚೊಂಬೂ ಒಂದೊಂದು ಪಿಕ್ಸೆಲ್. ಈ ಕೆಲಸಕ್ಕೆ ಇಬ್ಬರಿಗೂ 2009ರಲ್ಲಿ, ಅಂದರೆ ನಾನು ಅಮ್ಮನಿಗೆ ಕ್ಯಾಮೆರಾ ಹುಡುಕುತ್ತಿದ್ದ ವರ್ಷವೇ, ನೊಬೆಲ್ ಬಂತು.

ಈ ಚಿಪ್ಪು ಇಟ್ಟುಕೊಂಡು 1975ರಲ್ಲಿ ಮೊದಲ ಡಿಜಿಟಲ್ ಕ್ಯಾಮೆರಾ ಕಟ್ಟಿದವನು ಸ್ಟೀವನ್ ಸ್ಯಾಸನ್ ಅನ್ನೋ ಯುವ ಎಂಜಿನಿಯರ್. ಅವನಿದ್ದದ್ದು ಬೇರೆಲ್ಲೂ ಅಲ್ಲ, ಕೊಡಕ್ ಕಂಪನಿಯಲ್ಲೇ. ತೂಕ ಮೂರೂವರೆ ಕಿಲೋಗೂ ಜಾಸ್ತಿ, ಕಪ್ಪು ಬಿಳುಪು ಚಿತ್ರ, 10,000 ಪಿಕ್ಸೆಲ್. ಮೆಗಾಪಿಕ್ಸೆಲ್ ಲೆಕ್ಕದಲ್ಲಿ ಹೇಳಿದರೆ 0.01. ಒಂದು ಫೋಟೋ ಕ್ಯಾಸೆಟ್ಟಿನ ಮೇಲೆ ಬರೆದು ಮುಗಿಯಲಿಕ್ಕೆ 23 ಸೆಕೆಂಡು, ನೋಡಬೇಕಂದರೆ ಟೀವಿ ಬೇಕು. ಫಿಲಂ ಮಾರಿ ಬದುಕುತ್ತಿದ್ದ ಕಂಪನಿಗೆ ಫಿಲಂ ಬೇಡದ ಕ್ಯಾಮೆರಾ ಬಗ್ಗೆ ಎಷ್ಟು ಉತ್ಸಾಹ ಇದ್ದೀತು? ಮರುವರ್ಷವೇ ಅದೇ ಕಂಪನಿಯ ಬ್ರೈಸ್ ಬೇಯರ್ ಪಿಕ್ಸೆಲ್‌ಗಳ ಮೇಲೆ ಕೆಂಪು, ಹಸಿರು, ನೀಲಿ ಚೌಕಗಳನ್ನು ಹೊದಿಸಿ ಬಣ್ಣ ಹಿಡಿಯುವ ವಿಧಾನಕ್ಕೆ ಪೇಟೆಂಟ್ ಪಡೆದ. ನಮ್ಮ ಕಣ್ಣು ಹಸಿರನ್ನು ಹೆಚ್ಚು ಸೂಕ್ಷ್ಮವಾಗಿ ನೋಡುತ್ತೆ ಅಂತ ಹಸಿರು ಚೌಕಗಳನ್ನು ಎರಡು ಪಟ್ಟು ಇಟ್ಟ. ಇವತ್ತಿಗೂ ಬಹುತೇಕ ಎಲ್ಲ ಕ್ಯಾಮೆರಾಗಳ ಒಳಗಿರುವುದು ಅದೇ ಚೌಕಾಬಾರ. ಎರಡೂ ವಿದ್ಯೆ ಮನೆಯೊಳಗೇ ಹುಟ್ಟಿದರೂ ಕೊಡಕ್ 2012ರ ಜನವರಿಯಲ್ಲಿ ದಿವಾಳಿ ಅರ್ಜಿ ಹಾಕಬೇಕಾಯಿತು. ಸುಲಭದ ದಾರಿ ತೋರಿಸಿದ ಕಂಪನಿಯನ್ನು ಅದಕ್ಕಿಂತ ಸುಲಭವಾದದ್ದೇ ಮುಳುಗಿಸಿತು.

ಜೇಬಿಗೆ ಹೋಗುವ ಡಿಜಿಟಲ್ ಕ್ಯಾಮೆರಾಗಳಲ್ಲಿ ನನಗೆ ಮುಖ್ಯ ಅನ್ನಿಸೋದು 1995ರ ಕ್ಯಾಸಿಯೋ ಕ್ಯೂವಿ-10. ಫೋಟೋ ಬರೀ 320 ಗುಣಿಸು 240 ಪಿಕ್ಸೆಲ್, ಒಟ್ಟು 96 ಫೋಟೋ ಹಿಡಿಸೋದು. ಆದರೆ ಅದರ ಬೆನ್ನಿಗೆ 1.8 ಇಂಚಿನ ಬಣ್ಣದ ಸ್ಕ್ರೀನ್ ಇತ್ತು. ತೆಗೆದ ಫೋಟೋವನ್ನು ಅಲ್ಲೇ, ಆಗಲೇ ನೋಡಬಹುದು. ಬೇಡದಿದ್ದರೆ ಅಳಿಸಬಹುದು. ತಪ್ಪು ಮಾಡಿದರೆ ದುಡ್ಡು ಹೋಗಲ್ಲ ಅನ್ನೋ ಧೈರ್ಯ ಬಂದದ್ದು ಅಲ್ಲಿಂದ. ಮಾವ ಕ್ಯಾಮೆರಾವನ್ನು ಯಾರ ಕೈಗೂ ಕೊಡದಿರಲು ಇದ್ದ ಕಾರಣ ಅಲ್ಲಿಗೆ ಮುಗಿಯಿತು.

ಈ ಚರಿತ್ರೆ ತಿಳಿದ ಮೇಲೆ ನನ್ನ ಎಕ್ಸೆಲ್ ಶೀಟ್ ಎಷ್ಟು ಪೊಳ್ಳು ಅಂತ ಅರ್ಥವಾಯಿತು. ಆಗ ಅಂಗಡಿಯವರೆಲ್ಲ ಹೇಳುತ್ತಿದ್ದದ್ದು ಮೆಗಾಪಿಕ್ಸೆಲ್ ಒಂದನ್ನೇ. ನಾವು ಹಾಕಿಸುವ 4 ಗುಣಿಸು 6 ಇಂಚಿನ ಪ್ರಿಂಟಿಗೆ, ಇಂಚಿಗೆ 300 ಚುಕ್ಕಿಯಂತೆ ಲೆಕ್ಕ ಹಾಕಿದರೂ, 2 ಮೆಗಾಪಿಕ್ಸೆಲ್ಲಿಗಿಂತ ಸ್ವಲ್ಪ ಹೆಚ್ಚಿದ್ದರೆ ಸಾಕು. ಪುಟ್ಟ ಕ್ಯಾಮೆರಾದ ಚಿಪ್ಪು ಹೆಚ್ಚೂಕಮ್ಮಿ 6 ಮಿಲಿಮೀಟರ್ ಅಗಲ, 4.5 ಮಿಲಿಮೀಟರ್ ಎತ್ತರ, ಕಿರುಬೆರಳಿನ ಉಗುರಿಗಿಂತ ಸಣ್ಣದು. ಹಳೇ 35 ಎಂಎಂ ರೀಲಿನ ಒಂದು ಚೌಕಟ್ಟಿನ ಮೂವತ್ತರಲ್ಲೊಂದು ಭಾಗ. ಅದೇ ಅಂಗಳದಲ್ಲಿ ಇನ್ನಷ್ಟು ಚೊಂಬು ಹಿಡಿಸಬೇಕಂದರೆ ಚೊಂಬನ್ನು ಲೋಟ ಮಾಡಬೇಕು, ಲೋಟವನ್ನು ಚಮಚ ಮಾಡಬೇಕು. ಜೋರು ಮಳೆಯಲ್ಲಿ ಚಮಚವೂ ತುಂಬುತ್ತೆ, ಜಿಟಿಜಿಟಿ ಮಳೆಯಲ್ಲಿ ಲೆಕ್ಕ ತಪ್ಪುತ್ತೆ. ಸಂಜೆ ಹೊತ್ತಿನ ಫೋಟೋಗಳಲ್ಲಿ ರವೆ ಚೆಲ್ಲಿದ ಹಾಗೆ ಕಾಣೋದು ಇದಕ್ಕೇ.

ಹಾಗಾಗಿ ಶೀಟ್ ಅಳಿಸಿ ಅಮ್ಮನ ದಿನಚರಿ ಯೋಚಿಸಿದೆ. ನಮ್ಮೂರಲ್ಲಿ ಮಳೆಗಾಲದಲ್ಲಿ ಕರೆಂಟು ಹೋದರೆ ಮೂರು ದಿನ ಇಲ್ಲ. ಆದ್ದರಿಂದ ಪೆನ್ ಸೆಲ್ಲಿನಲ್ಲೂ ನಡೆಯುವ ಕ್ಯಾಮೆರಾ. ಜೊತೆಗೆ ನಾಲ್ಕು ರೀಚಾರ್ಜ್ ಸೆಲ್ಲು, ಯಾಕಂದರೆ ಮಾಮೂಲಿ ಸೆಲ್ಲು ಬೇಗ ಬರಿದಾಗುತ್ತೆ. ಒದ್ದೆ ಕೈಯಲ್ಲಿ ಜಾರದಂಥ ಹಿಡಿ, ಕೈಗೆ ಹಾಕುವ ದಾರ. ಜೂಮ್ 3 ಸಾಕು, ಅದೂ ಆಪ್ಟಿಕಲ್. ಡಿಜಿಟಲ್ ಜೂಮ್ ಅನ್ನೋದು ಅಜ್ಜಿಯ ಫೋಟೋ ಕತ್ತರಿಸಿ ದೊಡ್ಡದು ಮಾಡಿದ ಹಾಗೇ, ಅದನ್ನು ಮೆನುವಿನಲ್ಲೇ ಬಂದ್ ಮಾಡಿದೆ. ಫ್ಲ್ಯಾಶನ್ನೂ ಬಂದ್ ಮಾಡಿದೆ.

ಕಲಿಸಲಿಕ್ಕೆ ಕಷ್ಟವಾಗಿದ್ದು ಒಂದೇ: ಗುಂಡಿಯನ್ನು ಅರ್ಧ ಒತ್ತಿ, ಫೋಕಸ್ ಆಗಲಿಕ್ಕೆ ಬಿಟ್ಟು, ಆಮೇಲೆ ಪೂರ್ತಿ ಒತ್ತೋದು. ಅಮ್ಮ ಒಂದೇ ಸಲ ಒತ್ತಿ ಎಲ್ಲ ಮಸುಕು ಮಾಡುತ್ತಿದ್ದರು. ಕೊನೆಗೆ ಅವರೇ ದಾರಿ ಕಂಡುಕೊಂಡರು. "ಹಲಸಿನಕಾಯಿ ಬಡಿದು ಶಬ್ದ ಕೇಳಿ, ಆಮೇಲೆ ಕೊಯ್ಯೂದು. ಹಾಂಗೇ ಅಲ್ವನಾ ಇದು?" ಹಾಂಗೇ. ಫೋಕಸ್ ಬಗ್ಗೆ ಇದಕ್ಕಿಂತ ಒಳ್ಳೇ ಪಾಠ ನಾನು ಯಾವ ಮ್ಯಾನ್ಯುಯಲ್ಲಿನಲ್ಲೂ ಓದಿಲ್ಲ.

ದೀಪಾವಳಿಗೆ ಹೋದಾಗ ಕಾರ್ಡಿನಲ್ಲಿ 143 ಫೋಟೋ. ಅಡಿಕೆ ಸುಲಿಯುವವರ ಕೈಗಳು, ಗೌರಿ ದನದ ಹಣೆ, ಪೇಪರ್ ಮುಖದ ಮೇಲೆ ಹಾಕಿಕೊಂಡು ನಿದ್ದೆ ಹೋದ ಅಪ್ಪ, ಹೆಂಚಿನಿಂದ ಒಲೆಯ ಹೊಗೆ ಮೇಲಕ್ಕೇಳೋದು, ಬಚ್ಚಲ ಹಂಡೆ. ಸಾಲಾಗಿ ನಿಂತವರ ಫೋಟೋ ಒಂದೂ ಇಲ್ಲ. ಮೂವತ್ತು ವರ್ಷ ಅಮ್ಮ ಏನನ್ನು ನೋಡುತ್ತಿದ್ದರು ಅಂತ ನನಗೆ ಮೊದಲ ಸಲ ಕಂಡಿತು.

2010ರಲ್ಲಿ ಜಗತ್ತಿನಲ್ಲಿ ಮಾರಾಟಕ್ಕೆ ಹೊರಟ ಡಿಜಿಟಲ್ ಕ್ಯಾಮೆರಾಗಳು 12 ಕೋಟಿಗೂ ಹೆಚ್ಚು, ಅದರಲ್ಲಿ ಬಹುಪಾಲು ಇಂಥ ಪುಟ್ಟವೇ. ಅಲ್ಲಿಂದ ಇಳಿಜಾರು. ಮೊಬೈಲು ಆ ಒಂದು ಗುಂಡಿಯನ್ನೂ ನುಂಗಿತು. ಅಮ್ಮನ ಕ್ಯಾಮೆರಾ ಮೂರನೇ ವರ್ಷ ಲೆನ್ಸ್ ಒಳಗೆಳೆದುಕೊಳ್ಳದೆ ಕೂತುಬಿಟ್ಟಿತು. ರಿಪೇರಿಗೆ ಹೇಳಿದ ದುಡ್ಡಿಗೆ ಹೊಸದೇ ಬರುತ್ತಿತ್ತು.

ಅದಕ್ಕಿಂತ ದೊಡ್ಡ ಪೆಟ್ಟು ಬೇರೆ. ಎಲ್ಲ ಫೋಟೋಗಳನ್ನೂ ನನ್ನ ಒಂದೇ ಹಾರ್ಡ್ ಡಿಸ್ಕಿನಲ್ಲಿ ಇಟ್ಟಿದ್ದೆ. ಆಫೀಸಿನಲ್ಲಿ ಬೇರೆಯವರ ಡೇಟಾಕ್ಕೆ ಮೂರು ಕಡೆ ಬ್ಯಾಕಪ್ ಇಡುವವನು ಅಮ್ಮನ ಫೋಟೋಗೆ ಒಂದೂ ಇಟ್ಟಿರಲಿಲ್ಲ. ಡಿಸ್ಕ್ ಒಂದು ದಿನ ಟಕ್ ಟಕ್ ಅಂತ ಸದ್ದು ಮಾಡಿ ಸತ್ತಿತು. ಎರಡು ಸಾವಿರದ ಮೇಲೆ ಫೋಟೋ ಹೋದವು. ಆ ಗ್ರೂಪ್ ಫೋಟೋ ಮಾತ್ರ ಈಗಲೂ ಪೆಟ್ಟಿಗೆಯಲ್ಲಿ ಭದ್ರವಾಗಿದೆ. ಅಮ್ಮನಿಗೆ ಹೇಳಲಿಕ್ಕೆ ವಾರ ಹಿಡಿಯಿತು. "ಹೋದ್ದು ಹೋತು ಬಿಡು" ಅಂದರು, ಆದರೆ ಆ ಸಲ ಫೋನ್ ಬೇಗ ಇಟ್ಟರು.

ಉಳಿದದ್ದು ಮೊದಲ ದೀಪಾವಳಿಯಲ್ಲಿ ಪ್ರಿಂಟ್ ಹಾಕಿಸಿದ 36. ಹಳೇ ರೀಲಿನ ಲೆಕ್ಕಕ್ಕೆ 36 ಅಂತ ನಾನೇ ಹೇಳಿದ್ದೆ, ಆರಿಸಿದ್ದು ಅಮ್ಮ. ಅಮ್ಮ ಇರುವ ಫೋಟೋ ಆ 143ರಲ್ಲಿ ಒಂದೇ ಒಂದಿತ್ತು. ಅಪ್ಪ ತೆಗೆದದ್ದು. ತಲೆ ಅರ್ಧ ಕತ್ತರಿಸಿ ಹೋಗಿದೆ, ಮೂಲೆಯಲ್ಲಿ ಅಪ್ಪನ ಬೆರಳು, ಕೈಯಲ್ಲಿ ಹಿಟ್ಟು ಹಿಡಿದು ನಗುತ್ತಾ ಬೇಡ ಬೇಡ ಅನ್ನುತ್ತಿರುವ ಅಮ್ಮ. ಎಂಥ ಅಧ್ವಾನದ ಫೋಟೋ ಅಂತ ಅಮ್ಮ ಅದನ್ನು ಬಿಟ್ಟು 36 ಆರಿಸಿದ್ದರು. ಸ್ಟುಡಿಯೋಕ್ಕೆ ಹೊರಡುವಾಗ ಅಪ್ಪ ನನ್ನ ಪಕ್ಕ ಬಂದು, ಹಂಡೆಯದ್ದು ತೆಗೆದು ಇದನ್ನು ಹಾಕು ಅಂದರು.

ಈಗ ವರ್ಷಕ್ಕೆ 36 ಪ್ರಿಂಟ್ ಹಾಕಿಸುತ್ತೇವೆ. ಮೊಬೈಲಿನದ್ದಾದರೂ ಸರಿ.