ರೋಮಿನ ಪ್ಯಾಂಥಿಯನ್

ರೋಮ್ ನಗರದ ಪ್ಯಾಂಥಿಯನ್ ಎಂಬ ಪ್ರಾಚೀನ ದೇವಾಲಯದ ಲಲಾಟದಲ್ಲಿ, ಅದನ್ನು ಅಗ್ರಿಪ್ಪನು ಕಟ್ಟಿಸಿದನೆಂದು ಕೆತ್ತಿರುವುದು. ಶಾಸನವೇ ಪರಮಪ್ರಮಾಣವೆಂದು ಬಹುಕಾಲ ಮಕ್ಕಳಿಗೆ ಬೋಧಿಸಿದ ನಾನು ಅದನ್ನೋದಿ ತೃಪ್ತನಾದೆನು. ಆದರೆ 1892ರಲ್ಲಿ ಪರೀಕ್ಷಿಸಲ್ಪಟ್ಟ ಇಟ್ಟಿಗೆಗಳ ಮುದ್ರೆಗಳು ಬೇರೆಯದನ್ನೇ ನುಡಿದುವು. ಅಗ್ರಿಪ್ಪನ ಗುಡಿಯು ಹಿಂದೆಯೇ ಅಗ್ನಿಗೆ ಆಹುತಿಯಾಗಿತ್ತು, ಈಗಿನದು ಕ್ರಿ.ಶ. ಸುಮಾರು 126ರಲ್ಲಿ, ಹೇಡ್ರಿಯನ್ ಚಕ್ರವರ್ತಿಯ ಕಾಲದಲ್ಲಿ ಪೂರ್ಣವಾದುದು.

43 ಮೀಟರು ವ್ಯಾಸದ ಗುಮ್ಮಟಕ್ಕೆ ಕಬ್ಬಿಣದ ಆಧಾರವಿಲ್ಲ. ಮೇಲೇರಿದಂತೆಲ್ಲ ಗಾರೆಯು ತೆಳುವಾಗುವುದು, ಜಲ್ಲಿಯು ಹಗುರವಾಗುವುದು. ನಡುವಣ ತೆರೆದ ರಂಧ್ರದಿಂದ ಸೂರ್ಯಕಿರಣವಿಳಿಯುವುದು. 609ರಲ್ಲಿ ಇಗರ್ಜಿಯಾದುದರಿಂದ ಅದು ನಾಶದಿಂದ ಪಾರಾಯಿತು.

ಇಂತಹ ಮಹಾಕೃತಿಯ ಮೇಲೆ ಚಕ್ರವರ್ತಿಯು ತನ್ನ ಹೆಸರನ್ನು ಬರೆಯಿಸದೆ ಪೂರ್ವಿಕನ ಹೆಸರನ್ನೇ ನಿಲ್ಲಿಸಿದನು. ಆತನ ಕೃತಜ್ಞತೆಯನ್ನು ಕಾಲನಿರ್ಣಯವೆಂದು ಓದಿದ ತಪ್ಪು ನಮ್ಮದು. ಶಿಲೆಯ ಮಾತನ್ನು ಇಟ್ಟಿಗೆಯ ಸಾಕ್ಷ್ಯದೊಡನೆ ಕೂಡಿಸಿ ಓದಬೇಕೆಂಬ ಪಾಠವನ್ನು ಈ ಉಪಾಧ್ಯಾಯನು ವೃದ್ಧಾಪ್ಯದಲ್ಲಿ ಕಲಿತನು.