ಬದುವಿನ ಹೊಂಗೆ, ಗಾಣದ ಎಣ್ಣೆ

ದಕ್ಷಿಣ ಕರ್ನಾಟಕದ ಬಯಲುಸೀಮೆಯಲ್ಲಿ ಹೊಂಗೆ ಬೆಳೆಯುವುದು ಬೆಳೆಗೆ ಅಡ್ಡಬಾರದ ಕಡೆ: ಹೊಲದ ಬದು, ಕೆರೆಯ ಏರಿ, ಹಳ್ಳದ ದಡ, ರಸ್ತೆಯ ಅಂಚು. ಇದು ದ್ವಿದಳ ಜಾತಿಯ ಮರ. ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದಿಡುತ್ತವೆ. ಯುಗಾದಿಯ ಆಸುಪಾಸಿನಲ್ಲಿ ಎಲೆ ಉದುರಿಸಿ ಕೆಲವೇ ದಿನಗಳಲ್ಲಿ ಮತ್ತೆ ಚಿಗುರುವುದರಿಂದ ಕಡು ಬೇಸಿಗೆಯಲ್ಲಿ ದಟ್ಟ ನೆರಳು ಕೊಡುವ ಕೆಲವೇ ಮರಗಳಲ್ಲಿ ಇದೂ ಒಂದು. ಹೂವು ಕಾಯಿಯಾಗಿ ಬಲಿಯಲು ಹತ್ತು ಹನ್ನೊಂದು ತಿಂಗಳು ಬೇಕು. ಹೀಗಾಗಿ ಕಾಯಿ ಕೀಳುವ ಕೆಲಸ ಸುಗ್ಗಿ ಮುಗಿದು ಕೈ ಬಿಡುವಾದ ಹೊತ್ತಿಗೆ ಬರುತ್ತದೆ. ಬೀಜದ ತೂಕದಲ್ಲಿ ಸುಮಾರು ಮೂರನೇ ಒಂದು ಪಾಲು ಎಣ್ಣೆ. ಆ ಎಣ್ಣೆ ಕಹಿ, ವಾಸನೆ ಬೇರೆ. ಅಡುಗೆಗೆ ಅದನ್ನು ಯಾರೂ ಬಳಸುವುದಿಲ್ಲ.

ಅಡುಗೆಗೆ ಬಾರದಿದ್ದುದೇ ಈ ಎಣ್ಣೆಯ ಚರಿತ್ರೆಯನ್ನು ರೂಪಿಸಿತು. ಎಳ್ಳು, ಹುಚ್ಚೆಳ್ಳು, ಕುಸುಬೆ ಹೊಲದಲ್ಲಿ ಬೆಳೆದು ಒಲೆಯ ಬಳಿ ಹೋದವು. ಹೊಂಗೆ, ಬೇವು, ಹರಳು, ಹಿಪ್ಪೆ ಹೆಚ್ಚಾಗಿ ದೀಪಕ್ಕೆ, ಮೈಗೆ, ಗಾಡಿಯ ಅಚ್ಚಿಗೆ ಹೋದವು. ಗೆರೆ ಅಷ್ಟು ಕಟ್ಟುನಿಟ್ಟಾಗಿಯೇನೂ ಇರಲಿಲ್ಲ. ದೇವರ ದೀಪಕ್ಕೆ ತುಪ್ಪವೋ ಎಳ್ಳೆಣ್ಣೆಯೋ ಬೇಕಿತ್ತು. ಹಿಪ್ಪೆಯ ಎಣ್ಣೆಯನ್ನು ತಿನ್ನುವವರೂ ಇದ್ದರು. ಆದರೂ ಒಟ್ಟಾರೆ ನೋಡಿದರೆ ಬಡವರ ಮನೆಯ ಬೆಳಕು ಉಣ್ಣುವ ಬೆಳೆಯ ಜಾಗವನ್ನು ಕಬಳಿಸಲಿಲ್ಲ.

ದೀಪಕ್ಕೆ ಎಣ್ಣೆ ಒದಗಿಸುವುದು ಊರಿನ ವ್ಯವಸ್ಥೆಯ ಭಾಗವಾಗಿತ್ತು ಎನ್ನಲು ಶಾಸನಗಳಲ್ಲಿ ಬೇಕಾದಷ್ಟು ಆಧಾರವಿದೆ. ದೇವಾಲಯದ ನಂದಾದೀವಿಗೆಗೆಂದು ಗಾಣಗಳಿಂದ ಇಂತಿಷ್ಟು ಎಣ್ಣೆ ಬಿಟ್ಟುಕೊಟ್ಟ ದತ್ತಿಗಳು ಚಾಲುಕ್ಯರ, ಹೊಯ್ಸಳರ ಕಾಲದ ಬರಹಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಗಾಣದೆರೆ ಎಂಬ ತೆರಿಗೆಯೂ ಇತ್ತು. ಗಾಣಿಗರಲ್ಲಿ ಎರಡೆತ್ತು ಕಟ್ಟಿ ಕಲ್ಲಿನ ಗಾಣ ಆಡಿಸುವವರು ಹೆಗ್ಗಾಣಿಗರು, ಮರದ ಗಾಣದವರು ಕಿರುಗಾಣಿಗರು, ಒಂದೇ ಎತ್ತಿನವರು ಒಂಟೆತ್ತು ಗಾಣಿಗರು ಎಂದು ಒಳಪಂಗಡಗಳಾದವು. ಇವರೆಲ್ಲರನ್ನೂ ಒಟ್ಟಾಗಿ ಜ್ಯೋತಿನಗರದವರು ಎಂದು ಕರೆಯುವ ರೂಢಿಯನ್ನು ಮೈಸೂರು ಸೀಮೆಯ ಹಳೆಯ ಗೆಜೆಟಿಯರುಗಳು ದಾಖಲಿಸಿವೆ. ಟಿಪ್ಪುವಿನ ಪತನದ ಬೆನ್ನಲ್ಲೇ, 1800 ಮತ್ತು 1801ರಲ್ಲಿ, ಈ ಸೀಮೆಯಲ್ಲಿ ಸುತ್ತಾಡಿದ ಫ್ರಾನ್ಸಿಸ್ ಬುಕನನ್ ಬೆಂಗಳೂರಿನ ಗಾಣಿಗರನ್ನೂ ಅವರ ಗಾಣಗಳನ್ನೂ ವಿವರವಾಗಿ ಬರೆದಿಟ್ಟಿದ್ದಾನೆ.

ಹೊಂಗೆಯ ಬೀಜವನ್ನು ಗಾಣದವರೆಗೆ ತರುವುದೇ ಒಂದು ದುಡಿಮೆ. ಕಾಯಿ ಚಪ್ಪಟೆ, ತುದಿಯಲ್ಲಿ ಸಣ್ಣ ಕೊಕ್ಕು, ಒಳಗೆ ಸಾಮಾನ್ಯವಾಗಿ ಒಂದೇ ಬೀಜ. ಬಲಿತ ಮೇಲೂ ಅದು ತಾನಾಗಿ ಬಿರಿಯುವುದಿಲ್ಲ. ಗಳುವಿನಿಂದ ಬಡಿದು ಬೀಳಿಸಿ, ಬಿಸಿಲಿಗೆ ಹರಡಿ, ಕಲ್ಲಿನ ಮೇಲಿಟ್ಟು ಮರದ ಕೊಡತಿಯಿಂದ ಒಂದೊಂದನ್ನೇ ಬಡಿದು ಕೆಂಗಂದು ಬೀಜ ಬಿಡಿಸಬೇಕು. ಈ ಕೆಲಸ ಬಹುಪಾಲು ಹೆಂಗಸರದು, ಮುದುಕರದು, ಮಕ್ಕಳದು. ಕೂಲಿ ಲೆಕ್ಕ ಹಾಕಿದರೆ ಗಿಟ್ಟುವ ಕೆಲಸವಲ್ಲ. ಬೇರೆ ಕೆಲಸವಿಲ್ಲದ ತಿಂಗಳಲ್ಲಿ ಮಾಡುತ್ತಿದ್ದುದರಿಂದಷ್ಟೇ ಅದು ನಡೆದುಕೊಂಡು ಬಂತು. ಈ ಒಂದು ಸಂಗತಿಯನ್ನು ಮುಂದೆ ಈ ಎಣ್ಣೆಯನ್ನು ಇಂಧನವಾಗಿಸುವ ಯೋಜನೆ ಹಾಕಿದವರು ಹಲವರು ಮರೆತರು.

ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿಯ ಉಪಯೋಗ ಎಣ್ಣೆಗಿಂತ ಕಡಿಮೆಯಲ್ಲ. ಅದರಲ್ಲಿ ನೂರಕ್ಕೆ ಸುಮಾರು ನಾಲ್ಕು ಪಾಲು ಸಾರಜನಕ. ಮಣ್ಣಿನಲ್ಲಿ ನಿಧಾನವಾಗಿ ಕರಗುವ ಈ ಗೊಬ್ಬರ ಬೇರು ತಿನ್ನುವ ಹುಳುಗಳನ್ನೂ ಅಷ್ಟಿಷ್ಟು ತಡೆಯುತ್ತದೆ. ಕಬ್ಬು, ಅಡಿಕೆ, ಅರಿಸಿನ ಬೆಳೆಯುವವರು ಹೊಂಗೆ ಹಿಂಡಿಯನ್ನು ಕೇಳಿ ಕೊಳ್ಳುತ್ತಿದ್ದರು. ಭತ್ತದ ಗದ್ದೆಗೆ ಹೊಂಗೆ ಸೊಪ್ಪೇ ಗೊಬ್ಬರ: ನಾಟಿಗೆ ಮುಂಚೆ ರೆಂಬೆ ಸವರಿ, ಕೆಸರಿಗೆ ಹಾಕಿ, ಕಾಲಿನಿಂದ ತುಳಿದು ಕೊಳೆಸುವುದು. ಒಣಗಿದ ಎಲೆಯನ್ನು ಕಾಳಿನ ಜೊತೆ ಪದರಪದರವಾಗಿ ಹಾಕಿ ಹುಳು ಬೀಳದಂತೆ ಕಾಯುವ ಪದ್ಧತಿಯೂ ಇತ್ತು. ಹೂವಿನ ಕಾಲದಲ್ಲಿ ಜೇನು ಮುತ್ತುತ್ತದೆ. ಮರ ತಾನು ಊಟವಾಗಲಿಲ್ಲ. ಊಟ ಬೆಳೆಯುವ ಗದ್ದೆಗೆ ಸಾರ ಕೊಟ್ಟಿತು. ಯೂರಿಯಾ ಬರುವ ಮುಂಚೆ ಇದು ಸಣ್ಣ ಕೊಡುಗೆಯೇನಲ್ಲ.

ನೇರವಾಗಿ ಹೊಟ್ಟೆಗೂ ಆದ ಮರ ಹಿಪ್ಪೆ. ಅದರ ದಪ್ಪ ಎಸಳಿನ ಹೂವಿನಲ್ಲಿ ಸಕ್ಕರೆಯಂಶ ತುಂಬ. ಮಧ್ಯಭಾರತದ ಕಾಡುಗಳಲ್ಲಿ ಹಿಪ್ಪೆಯ ಹತ್ತಿರದ ಬಂಧುವಾದ ಮಹುವಾದ ಹೂವನ್ನು ಬರಗಾಲದಲ್ಲಿ ಒಣಗಿಸಿಟ್ಟು ತಿಂದು ಜೀವ ಉಳಿಸಿಕೊಂಡವರು ಲೆಕ್ಕವಿಲ್ಲದಷ್ಟು. ಅದೇ ಹೂವಿನಿಂದ ಸಾರಾಯಿಯೂ ಇಳಿಯುತ್ತದೆ, ಅಬಕಾರಿ ಇಲಾಖೆ ಅದರ ಮೇಲೆ ಕಣ್ಣಿಟ್ಟದ್ದೂ ಅದಕ್ಕೇ. ಹಿಪ್ಪೆ ಬೀಜದ ಎಣ್ಣೆ ತಂಪಿಗೆ ಬೆಣ್ಣೆಯಂತೆ ಹೆಪ್ಪುಗಟ್ಟುತ್ತದೆ. ಅದು ದೀಪಕ್ಕೂ ಸಾಬೂನಿಗೂ ಆಯಿತು. ಹಿಂಡಿಯಲ್ಲಿ ಮಾತ್ರ ನೊರೆಗಟ್ಟುವ ವಿಷದ ಅಂಶವಿದೆ. ದನಕ್ಕೆ ಹಾಕುವಂತಿಲ್ಲ, ನೀರಿಗೆ ಕದಡಿದರೆ ಮೀನು ಮೂರ್ಛೆ ಹೋಗುತ್ತದೆ.

ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಸೀಮೆಎಣ್ಣೆ ಬಂತು. ಅಗ್ಗ, ಹೊಗೆಯಿದ್ದರೂ ಬೆಳಕು ಜಾಸ್ತಿ, ಬೀಜ ಬಡಿಯುವ ಗೋಳಿಲ್ಲ. ಎಣ್ಣೆ ಮುಗಿದ ಡಬ್ಬ ನೀರು ಹೊರಲೂ ಕಾಳು ತುಂಬಲೂ ಒದಗಿತು ಎನ್ನುವುದು ಅದರ ಗೆಲುವಿನಲ್ಲಿ ಸಣ್ಣ ಪಾಲಲ್ಲ. ಹಣತೆಯ ಜಾಗದಲ್ಲಿ ಬುಡ್ಡಿ ಕೂತಿತು. 1905ರಲ್ಲಿ ಬೆಂಗಳೂರಿನ ಬೀದಿಗೆ ವಿದ್ಯುದ್ದೀಪ ಬಂತು. ಇಪ್ಪತ್ತನೆಯ ಶತಮಾನದಲ್ಲಿ ಕಡಲೆಕಾಯಿ ಬೆಳೆ ಹರಡಿ, ಎಣ್ಣೆ ಗಿರಣಿಗಳು ಎದ್ದು, ಎತ್ತಿನ ಗಾಣಗಳು ಒಂದೊಂದಾಗಿ ನಿಂತವು. ಹೊಂಗೆ ಎಣ್ಣೆ ಸಾಬೂನು ಮತ್ತು ಚರ್ಮ ಹದಮಾಡುವ ಕೆಲಸಕ್ಕೆ ಸರಿಯಿತು. ಮರಗಳು ಉಳಿದದ್ದು ನೆರಳು, ಸೊಪ್ಪು, ಹಿಂಡಿ, ಸೌದೆಗಳ ಬಲದಿಂದ.

ಗಿಡಮರದ ಎಣ್ಣೆಯಿಂದ ಯಂತ್ರ ಓಡಿಸುವ ಯೋಚನೆ ಹೊಸದಲ್ಲ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಡೀಸೆಲ್ ಇಂಜಿನ್ ಒಂದನ್ನು ಕಡಲೆಕಾಯಿ ಎಣ್ಣೆಯಲ್ಲಿ ಓಡಿಸಿ ತೋರಿಸಲಾಗಿತ್ತು. ಕಲ್ಲೆಣ್ಣೆ ಅಗ್ಗವಾಗಿದ್ದಷ್ಟು ಕಾಲ ಅದು ಕುತೂಹಲದ ಸಂಗತಿಯಾಗಿಯೇ ಉಳಿಯಿತು. ಕರ್ನಾಟಕದಲ್ಲಿ ಹೊಂಗೆಗೆ ಎರಡನೆಯ ಜನ್ಮ ಸಿಕ್ಕಿದ್ದು 1990ರ ದಶಕದ ಕೊನೆಯಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಉಡುಪಿ ಶ್ರೀನಿವಾಸ ಮತ್ತು ಅವರ ಸಂಗಡಿಗರು ಒಣಭೂಮಿಯ ಹಳ್ಳಿ ಕಗ್ಗನಹಳ್ಳಿಯಲ್ಲಿ ಹೊಂಗೆ ಎಣ್ಣೆಯಿಂದಲೇ ಡೀಸೆಲ್ ಜನರೇಟರ್ ನಡೆಸಿ, ಆ ಕರೆಂಟಿನಿಂದ ಕೊಳವೆಬಾವಿಯ ನೀರೆತ್ತಿ ತೋರಿಸಿದರು. ಇದರ ಸೊಗಸೆಂದರೆ ಇಂಧನ ಊರಿನ ಮರದ್ದು, ಅದು ಎತ್ತಿದ ನೀರು ಊರಿನ ಬೆಳೆಗೆ, ಹಿಂಡಿ ಮತ್ತೆ ಊರಿನ ಮಣ್ಣಿಗೆ.

ತೊಡಕೂ ಇತ್ತು. ಹೊಂಗೆ ಎಣ್ಣೆ ಡೀಸೆಲ್‌ಗಿಂತ ಹಲವು ಪಟ್ಟು ಮಂದ. ನಿಧಾನವಾಗಿ ಒಂದೇ ವೇಗದಲ್ಲಿ ತಿರುಗುವ ಜನರೇಟರಿಗೆ ಅದು ಒಗ್ಗಬಹುದು, ಬಸ್ಸು ಕಾರುಗಳಿಗೆ ಕಷ್ಟ. ಅದನ್ನು ತೆಳುಮಾಡಲು ಮೆಥನಾಲ್ ಮತ್ತು ಕ್ಷಾರ ಸೇರಿಸಿ ಕಾಯಿಸಬೇಕು. ತಳದಲ್ಲಿ ಗ್ಲಿಸರಿನ್ ಬೇರೆಯಾಗಿ ಮೇಲೆ ಉಳಿಯುವುದೇ ಬಯೋಡೀಸೆಲ್. ಬೀಜ ಹಳತಾಗಿದ್ದರೆ ಎಣ್ಣೆಯಲ್ಲಿ ಹುಳಿ ಏರಿ, ಕ್ಷಾರ ಹಾಕಿದೊಡನೆ ಅದು ಸಾಬೂನಾಗಿ ಕೆಡುತ್ತದೆ. ಒಂದು ಲೀಟರ್ ಎಣ್ಣೆಗೆ ಮೂರರಿಂದ ನಾಲ್ಕು ಕಿಲೋ ಬೀಜ ಬೇಕು.

ಅದೇ ಹೊತ್ತಿಗೆ ದೇಶದ ಗಮನವೆಲ್ಲ ಬೇರೊಂದು ಗಿಡದ ಮೇಲೆ ಬಿತ್ತು. 2002ರ ಡಿಸೆಂಬರ್ 31ರಂದು ದೆಹಲಿ–ಅಮೃತಸರ ಶತಾಬ್ದಿ ರೈಲನ್ನು ಬಯೋಡೀಸೆಲ್ ಬೆರೆಸಿದ ಇಂಧನದಲ್ಲಿ ಓಡಿಸಲಾಯಿತು. 2003ರಲ್ಲಿ ಯೋಜನಾ ಆಯೋಗದ ಸಮಿತಿ ಜಟ್ರೋಫಾವನ್ನು ಮುಂದಿಟ್ಟು, ಲಕ್ಷಗಟ್ಟಲೆ ಹೆಕ್ಟೇರ್ ಪಾಳುಭೂಮಿಯಲ್ಲಿ ನೆಡಲು ಸೂಚಿಸಿತು. ಮಧ್ಯ ಅಮೆರಿಕದಿಂದ ಬಂದು ಹೊಲದ ಬೇಲಿಯಾಗಿ ನೆಲೆಸಿದ್ದ, ಹಳ್ಳಿಯವರು ಕಾಡುಹರಳು ಎನ್ನುತ್ತಿದ್ದ ಗಿಡವೇ ಇದು. ಬರಡು ನೆಲದಲ್ಲಿ ಬದುಕುವುದು ನಿಜ. ಬದುಕುವುದಕ್ಕೂ ಕಾಯಿ ಬಿಡುವುದಕ್ಕೂ ಇರುವ ಅಂತರ ನೆಟ್ಟ ಮೇಲೆ ತಿಳಿಯಿತು. ನೀರು, ಗೊಬ್ಬರ ಕೊಡದೆ ಇಳುವರಿ ಬರಲಿಲ್ಲ. ನೀರು, ಗೊಬ್ಬರ ಕೊಡುವುದಾದರೆ ರೈತ ಬೇರೆ ಬೆಳೆಯನ್ನೇ ಬೆಳೆಯುತ್ತಿದ್ದ. ಎಲೆಯನ್ನು ದನ ಮುಟ್ಟುವುದಿಲ್ಲ, ಬೀಜ ವಿಷ, ನೆರಳೂ ಇಲ್ಲ. ಎಣ್ಣೆಯೊಂದನ್ನು ಬಿಟ್ಟರೆ ಆ ಗಿಡವನ್ನು ಉಳಿಸಿಕೊಳ್ಳಲು ರೈತನಿಗೆ ಕಾರಣವೇ ಇರಲಿಲ್ಲ. ಪಾಳು ಎಂದು ಕರೆದ ನೆಲ ಎಷ್ಟೋ ಕಡೆ ಊರಿನ ದನ ಮೇಯುವ ಗೋಮಾಳವಾಗಿತ್ತು ಎಂಬ ಆಕ್ಷೇಪವೂ ಎದ್ದಿತು.

2007–08ರಲ್ಲಿ ಜಗತ್ತಿನಾದ್ಯಂತ ಆಹಾರದ ಬೆಲೆ ಏರಿತು. ಅಮೆರಿಕದಲ್ಲಿ ಮುಸುಕಿನ ಜೋಳ ಎಥನಾಲ್ ಆಗುತ್ತಿದ್ದುದು ಅದಕ್ಕೊಂದು ಕಾರಣವೆಂದು ದೂರಲಾಯಿತು. ಆಹಾರದ ಹಕ್ಕಿನ ಕುರಿತ ವಿಶ್ವಸಂಸ್ಥೆಯ ವಿಶೇಷ ವರದಿಗಾರ ಜೀನ್ ಝೀಗ್ಲರ್, ಉಣ್ಣುವ ಬೆಳೆಯನ್ನು ಇಂಧನವಾಗಿಸುವುದು ಮಾನವಕುಲದ ವಿರುದ್ಧದ ಅಪರಾಧ ಎಂದರು. 2009ರ ಭಾರತದ ಜೈವಿಕ ಇಂಧನ ನೀತಿ ಬಯೋಡೀಸೆಲ್‌ಗೆ ತಿನ್ನಲು ಬಾರದ ಎಣ್ಣೆಬೀಜಗಳನ್ನೇ, ಅದೂ ಬೆಳೆ ತೆಗೆಯದ ನೆಲದಲ್ಲಿ ಬೆಳೆದವನ್ನೇ ಬಳಸಬೇಕೆಂದು ಹೇಳಿದ್ದು ಈ ಹಿನ್ನೆಲೆಯಲ್ಲಿ.

ಕರ್ನಾಟಕ ಹಿಡಿದ ದಾರಿ ಸ್ವಲ್ಪ ಬೇರೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯವು ಹಾಸನ ಬಳಿಯ ಮಡೆನೂರಿನಲ್ಲಿ ಜೈವಿಕ ಇಂಧನ ಉದ್ಯಾನ ಆರಂಭಿಸಿತು. ಅಲ್ಲಿ ತೋಪು ಬೆಳೆಸುವ ಮಾತಿಗಿಂತ ಬದುವಿನ ಮಾತೇ ಮುಖ್ಯವಾಯಿತು. ರಾಗಿ, ಜೋಳ ಬೆಳೆಯುವ ಹೊಲವನ್ನು ಮುಟ್ಟದೆ ಅಂಚಿನಲ್ಲಿ ಹೊಂಗೆ, ಬೇವು, ಹಿಪ್ಪೆ, ಸಿಮರೂಬ, ಸುರಹೊನ್ನೆ ಬೆರೆಸಿ ನೆಡುವುದು, ಹಳ್ಳಿಗಳಲ್ಲಿ ಬೆಳೆಗಾರರ ಸಂಘ ಕಟ್ಟಿ ಬೀಜ ಸೇರಿಸುವುದು, ಹಿಂಡಿಯನ್ನು ಹೊಲಕ್ಕೆ ಮರಳಿಸುವುದು ಅದರ ಕ್ರಮ. ಹೊಂಗೆ ಬೇಸಿಗೆಯ ಮೊದಲಿಗೆ, ಬೇವು ಮತ್ತು ಹಿಪ್ಪೆ ಮುಂಗಾರಿನ ಹೊತ್ತಿಗೆ ಬೀಜ ಕೊಡುವುದರಿಂದ ಆದಾಯ ಒಂದೇ ತಿಂಗಳಿಗೆ ಗಂಟುಬೀಳುವುದಿಲ್ಲ ಎಂಬುದು ಬೆರಕೆಯ ಹಿಂದಿನ ಲೆಕ್ಕ. 2009ರಲ್ಲಿ ರಾಜ್ಯ ತನ್ನದೇ ಜೈವಿಕ ಇಂಧನ ನೀತಿ ತಂದಿತು, ಅಭಿವೃದ್ಧಿ ಮಂಡಳಿಯೂ ಆಯಿತು. ಹಸಿರು ಹೊನ್ನು, ಬರಡು ಬಂಗಾರ ಎಂಬ ಹೆಸರುಗಳಲ್ಲಿ ಸಸಿ ನೆಡುವ ಕಾರ್ಯಕ್ರಮಗಳು ನಡೆದವು.

ಸಿಮರೂಬದ ಕತೆ ವಿಚಿತ್ರ. ಎಲ್ ಸಾಲ್ವಡಾರ್ ಕಡೆಯ ಈ ಮರ 1966ರಲ್ಲಿ ಮಹಾರಾಷ್ಟ್ರದ ಅಮರಾವತಿಗೂ 1986ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯಕ್ಕೂ ಬಂತು. ಅಲ್ಲಿ ಶ್ಯಾಮಸುಂದರ ಜೋಶಿ ಮತ್ತು ಶಾಂತಾ ಜೋಶಿ ಅದನ್ನು ವರ್ಷಗಟ್ಟಲೆ ಅಭ್ಯಸಿಸಿದರು. ಇದರ ಕೊಬ್ಬು ತಿನ್ನಲೂ ಬರುತ್ತದೆ, ಇಂಧನಕ್ಕೂ ಆಗುತ್ತದೆ. ಲಕ್ಷ್ಮೀತರು ಎಂದು ಹೆಸರಾದ ಮೇಲೆ ಜನ ಮುಗಿಬಿದ್ದದ್ದು ಬೀಜಕ್ಕಲ್ಲ, ಕ್ಯಾನ್ಸರ್‌ಗೆ ಮದ್ದೆಂಬ ನಂಬಿಕೆಯಿಂದ ಎಲೆಯ ಕಷಾಯಕ್ಕೆ. ಆ ನಂಬಿಕೆಗೆ ವೈದ್ಯಕೀಯ ಆಧಾರ ಸಿಕ್ಕಿಲ್ಲ.

ನೆಟ್ಟ ಸಸಿಗಳ ಲೆಕ್ಕಕ್ಕೂ ಹೊರಬಂದ ಎಣ್ಣೆಯ ಲೆಕ್ಕಕ್ಕೂ ತಾಳೆಯಾಗದೆ ಹೋದದ್ದಕ್ಕೆ ಕಾರಣಗಳು ಗೂಢವೇನಲ್ಲ. ಬೀಜದಿಂದ ಎದ್ದ ಹೊಂಗೆ ಫಲಕ್ಕೆ ಬರಲು ಐದಾರು ವರ್ಷ ಬೇಕು, ಒಂದು ಮರದ ಇಳುವರಿಗೂ ಪಕ್ಕದ ಮರದ ಇಳುವರಿಗೂ ಅಜಗಜಾಂತರ. ಕಸಿ ಗಿಡಗಳಿಂದ ಇದಕ್ಕೆ ಪರಿಹಾರವಿದೆ, ಆದರೆ ಅವು ಬಹುಪಾಲು ರೈತರ ಬದುವಿಗೆ ತಲುಪಲಿಲ್ಲ. ಕೂಲಿ ಏರಿದ ಮೇಲೆ ಕಾಯಿ ಬಡಿಯುವ ಕೈಗಳೂ ಕಡಿಮೆಯಾದವು. ಡೀಸೆಲ್ ದರ ಇಳಿದಾಗಲೆಲ್ಲ ಬಯೋಡೀಸೆಲ್ ದುಬಾರಿಯಾಗುತ್ತಿತ್ತು. ಎಣ್ಣೆಗೆ ಸಾಬೂನಿನವರೂ ಕೀಟನಾಶಕದವರೂ ಇಂಧನದವರಿಗಿಂತ ಒಳ್ಳೆಯ ಬೆಲೆ ಕೊಡಬಲ್ಲವರಾಗಿದ್ದರು.

2018ರ ರಾಷ್ಟ್ರೀಯ ನೀತಿ ಡೀಸೆಲ್‌ಗೆ ನೂರಕ್ಕೆ ಐದರಷ್ಟು ಬಯೋಡೀಸೆಲ್ ಬೆರೆಸುವ ಗುರಿಯನ್ನು 2030ಕ್ಕೆ ಇಟ್ಟಿತು. ಬೆರಕೆಯ ಪ್ರಮಾಣ ಇನ್ನೂ ನೂರಕ್ಕೆ ಒಂದನ್ನು ಮುಟ್ಟಿಲ್ಲ, ಇರುವುದರಲ್ಲಿ ಕರಿದು ಉಳಿದ ಅಡುಗೆ ಎಣ್ಣೆಗೂ ಪಾಲಿದೆ. ಸರ್ಕಾರದ ಒತ್ತು ಪೆಟ್ರೋಲಿಗೆ ಬೆರೆಸುವ ಎಥನಾಲ್ ಕಡೆಗೆ ವಾಲಿದೆ. ಅದು ಬರುವುದು ಕಬ್ಬಿನಿಂದ, ಅಕ್ಕಿಯಿಂದ, ಈಚೆಗೆ ದೊಡ್ಡ ಪ್ರಮಾಣದಲ್ಲಿ ಮುಸುಕಿನ ಜೋಳದಿಂದ. ಇವೆಲ್ಲ ಹೊಲದ ನಡುವಿನ ಬೆಳೆಗಳು. ದಾವಣಗೆರೆ, ಹಾವೇರಿ ಕಡೆಯ ಜೋಳದ ರೈತರಿಗೆ ಇದು ಹೊಸ ಗಿರಾಕಿ, ಅದೇ ಜೋಳವನ್ನು ಮೇವಾಗಿ ಕೊಳ್ಳುವ ಕೋಳಿ ಸಾಕುವವರಿಗೆ ಹೊಸ ಪೈಪೋಟಿ. ಹೊಂಗೆ ಬೀಜಕ್ಕೆ ಹಳೆಯ ವ್ಯಾಪಾರಿಗಳೇ ಗಿರಾಕಿಗಳಾಗಿ ಉಳಿದಿದ್ದಾರೆ. ಅವರಲ್ಲಿ ಹೆಚ್ಚಿನವರು ಕೇಳುವುದು ಹಿಂಡಿಯನ್ನು.